ಸೀಟು ಬಿಟ್ಟು ಏಳಿ, ಕೆಲಸ ಬಿಟ್ಟಲ್ಲ

ಹೊಸದಾಗಿ ಕೆಲಸಕ್ಕೆ ಸೇರಿರುವ ಮಕ್ಕಳೇ,

ಚಾಮರಾಜನಗರದ ಜಿಲ್ಲಾಡಳಿತ ಭವನದಲ್ಲೋ, ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯಲ್ಲೋ, ಯಾವುದೋ ಬ್ಯಾಂಕಿನ ಕೌಂಟರಿನಲ್ಲೋ, ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಲೆಕ್ಕಪತ್ರದ ಕೋಣೆಯಲ್ಲೋ ನಿಮಗೊಂದು ಕುರ್ಚಿ ಸಿಕ್ಕಿದೆ. ಆ ಕುರ್ಚಿಯ ಬೆಲೆ ನನಗೆ ಗೊತ್ತು. ಅರಿಶಿನ ಅಗೆದ, ಚೆಂಡು ಹೂವು ಕಿತ್ತ, ಕರಿಕಲ್ಲಿನ ಕ್ವಾರಿಯಲ್ಲಿ ಮೈ ಮುರಿದ ನಮ್ಮ ಜಿಲ್ಲೆಯ ತಂದೆತಾಯಿಗಳಿಗೆಲ್ಲ ಒಂದೇ ಆಸೆ: ‘ನಮ್ಮ ಮಕ್ಕಳಾದರೂ ನೆರಳಲ್ಲಿ ಕೂತು ಸಂಬಳ ತಗೊಳ್ಳಲಿ.’ ಅವರು ಬಿಸಿಲಲ್ಲಿ ಬೆನ್ನು ಬಗ್ಗಿಸಿದ್ದಕ್ಕೇ ನಿಮಗೆ ಕೂತು ಮಾಡುವ ಕೆಲಸ ಬಂತು. ಅದನ್ನು ಗೌರವದಿಂದ ಉಳಿಸಿಕೊಳ್ಳಿ.

ಆದರೆ ಆ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬೇಕು, ಎಷ್ಟು ಹೊತ್ತಿಗೊಮ್ಮೆ ಏಳಬೇಕು ಎನ್ನುವುದನ್ನು ಅವರು ನಿಮಗೆ ಹೇಳಿಕೊಡಲಾರರು. ಅವರು ಕೂತು ದುಡಿದವರಲ್ಲ. ನೇಮಕಾತಿ ಆದೇಶದಲ್ಲಿ ಆ ಮಾತು ಇರುವುದಿಲ್ಲ. ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ, ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಹಾಗಾಗಿ ನಾನು ಹೇಳುತ್ತೇನೆ, ಕೇಳಿ.

ಅರ್ಧ ಗಂಟೆಗೊಮ್ಮೆ ಏಳಿ. ಎದ್ದು ಒಂದೆರಡು ನಿಮಿಷ ನಡೆಯಿರಿ. ಆಮೇಲೆ ಬಂದು ಕೂತು ಕೆಲಸ ಮುಂದುವರಿಸಿ. ನನ್ನ ಮಾತು ಇಷ್ಟೇ. ಇಷ್ಟು ಸಣ್ಣ ಮಾತಿಗೆ ಇಷ್ಟುದ್ದ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಕಚೇರಿಗಳಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ. ಪಾಲಿಸದೆ ಬಿಟ್ಟರೆ ಮೈ ತೆರಬೇಕಾದ ಬೆಲೆ ದೊಡ್ಡದು.

ನಮ್ಮ ಕೆಎಸ್‌ಆರ್‌ಟಿಸಿ ಬಸ್ಸನ್ನೇ ನೋಡಿ. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಚಾಲಕರು ಸ್ಟೀರಿಂಗ್ ಹಿಡಿದು ಕೂತರೆ ಊರು ಮುಟ್ಟುವವರೆಗೆ ಏಳುವಂತಿಲ್ಲ. ನಿರ್ವಾಹಕರು ಹಿಂದಿನಿಂದ ಮುಂದಕ್ಕೆ ಜನರ ನಡುವೆ ನುಸುಳಿ ಟಿಕೆಟ್ ಕೊಡುತ್ತಾರೆ, ಸ್ಟಾಪಿನಲ್ಲಿ ಇಳಿಯುತ್ತಾರೆ, ಹತ್ತುತ್ತಾರೆ. ಬಸ್ಸೂ ಒಂದೇ, ಪಾಳಿಯೂ ಒಂದೇ. ಇಂಥ ಜೋಡಿಗಳನ್ನೇ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಗಳ ಜೊತೆ ಪರಿಶೀಲಿಸಿ, 1953ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತುತ್ತಿದ್ದ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಚಾಲಕರಿಗಿಂತ ಕಡಿಮೆ ಇತ್ತು. ಬಂದರೂ ತಡವಾಗಿ ಬರುತ್ತಿತ್ತು, ಪ್ರಾಣ ತೆಗೆಯುವುದೂ ಕಡಿಮೆ. ಅಂಚೆ ಇಲಾಖೆಯಲ್ಲಿ ನೋಡಿದಾಗಲೂ ಹಾಗೆಯೇ: ಕಾಗದ ಹಂಚಲು ನಡೆಯುವ, ಸೈಕಲ್ ತುಳಿಯುವ ಅಂಚೆಯವರಿಗಿಂತ ಕೂತು ದುಡಿಯುವ ಗುಮಾಸ್ತರಿಗೆ, ಟೆಲಿಫೋನ್ ನಿರ್ವಾಹಕರಿಗೆ ಹೃದಯದ ತೊಂದರೆ ಹೆಚ್ಚು.

ಮಾರಿಸ್ ಪ್ರಾಮಾಣಿಕ ವಿಜ್ಞಾನಿ. 1956ರಲ್ಲಿ ಅದೇ ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನು ನೋಡಿ, ಚಾಲಕರ ಸೊಂಟ ಮೊದಲಿಂದಲೂ ದೊಡ್ಡದಿತ್ತು ಎಂದು ತಾವೇ ಬರೆದರು. ಹಾಗಾಗಿ ಎಲ್ಲ ತಪ್ಪನ್ನೂ ಸೀಟಿನ ಮೇಲೆ ಹೊರಿಸಲಾಗದು. ಆದರೆ ಅಲ್ಲಿಂದ ಈಚೆಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಅದೇ ದಿಕ್ಕಿಗೆ ಬೆರಳು ತೋರಿಸಿವೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ ಬೇಕು ಎನ್ನುವುದರ ಜೊತೆಗೆ, ಕೂರುವ ಹೊತ್ತನ್ನು ಕಡಿಮೆ ಮಾಡಬೇಕು ಎಂದೂ ಬರೆದಿದ್ದಾರೆ.

ಕೂತಾಗ ಮೈಯಲ್ಲಿ ಏನಾಗುತ್ತದೆ? ಸಂಜೆ ಮನೆಗೆ ಹೋಗಿ ಶೂ ಬಿಚ್ಚಿದಾಗ ಒಮ್ಮೆ ಕಾಲು ನೋಡಿಕೊಳ್ಳಿ. ಸಾಕ್ಸಿನ ಎಲಾಸ್ಟಿಕ್ ಕಣಕಾಲಿನ ಸುತ್ತ ಬಳೆಯಂತೆ ಅಚ್ಚೊತ್ತಿರುತ್ತದೆ. ಹೆಣ್ಣುಮಕ್ಕಳಿಗೆ ಚಪ್ಪಲಿಯ ಪಟ್ಟಿಯ ಗುರುತು ಪಾದದ ಮೇಲೆ ಮೂಡಿರುತ್ತದೆ. ಬೆಳಿಗ್ಗೆ ಸಡಿಲವಿದ್ದ ಪಟ್ಟಿ ಸಂಜೆಗೆ ಬಿಗಿಯಾಗಿದೆ ಎಂದರೆ ದಿನವಿಡೀ ನೀರು ಪಾದಕ್ಕೆ ಇಳಿದು ನಿಂತಿದೆ ಎಂದರ್ಥ. ಕಾಲಿನ ರಕ್ತ ಹೃದಯಕ್ಕೆ ವಾಪಸು ಏರಲು ಮೀನಖಂಡದ ಸ್ನಾಯು ಹಿಂಡಿ ಕೊಡಬೇಕು. ನಡೆದಾಗ ಅದು ಹಿಂಡುತ್ತದೆ, ಕೂತಾಗ ಸುಮ್ಮನಾಗುತ್ತದೆ.

ಇದು ಕಣ್ಣಿಗೆ ಕಾಣುವ ಗುರುತು. ಕಾಣದ್ದು ರಕ್ತದಲ್ಲಿ ನಡೆಯುತ್ತದೆ. ತೊಡೆ ಮತ್ತು ಪೃಷ್ಠದ ಸ್ನಾಯುಗಳು ಮೈಯಲ್ಲೇ ದೊಡ್ಡವು. ಉಂಡ ಅನ್ನ, ಮುದ್ದೆ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದನ್ನು ಎಳೆದುಕೊಂಡು ಉರಿಸುವುದರಲ್ಲಿ ಅವುಗಳ ಪಾಲೇ ಹೆಚ್ಚು. ಅವು ಅಲುಗಾಡದಿದ್ದರೆ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮೈತೂಕ ಹೆಚ್ಚಿದ್ದ ಕೆಲವರನ್ನು ಗಂಟೆಗಟ್ಟಲೆ ಕೂರಿಸಿ, ಇನ್ನೊಂದು ದಿನ ಅವರನ್ನೇ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ನಡೆಸಿದರು. ನಡೆದ ದಿನ, ಆಹಾರದ ನಂತರ ಏರುವ ಸಕ್ಕರೆ ಸುಮಾರು ಕಾಲು ಭಾಗದಷ್ಟು ತಗ್ಗಿತ್ತು. ಬೆವರು ಬರುವ ನಡಿಗೆಯೇನೂ ಬೇಕಾಗಲಿಲ್ಲ, ನಿಧಾನ ನಡಿಗೆಗೇ ಆ ಫಲ ಸಿಕ್ಕಿತು.

ನಮಗೆ ಇದು ಇನ್ನೂ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ನಮ್ಮವರಿಗೆ ಅದು ಚಿಕ್ಕ ವಯಸ್ಸಿಗೇ, ಅಷ್ಟೇನೂ ದಪ್ಪಗಿಲ್ಲದವರಿಗೂ ಬರುತ್ತದೆ. ಅದಕ್ಕೇ ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಬಿಗಿಯಾಗಿ ಇಟ್ಟಿದ್ದಾರೆ. ಕೆಲಸಕ್ಕೆ ಸೇರಿದ ವರ್ಷ ಒಂದು ಟೇಪು ಹಿಡಿದು ಅಳೆದು ಬರೆದಿಡಿ. ಪ್ರತಿ ವರ್ಷ ಇನ್‌ಕ್ರಿಮೆಂಟ್ ಬರುವ ತಿಂಗಳಲ್ಲಿ ಮತ್ತೆ ಅಳೆಯಿರಿ. ಸಂಬಳದ ಜೊತೆ ಸೊಂಟವೂ ಏರುತ್ತಿದೆಯೇ ಎಂದು ನಿಮಗೇ ತಿಳಿಯುತ್ತದೆ.

‘ಬೆಳಿಗ್ಗೆ ಎದ್ದು ವಾಕಿಂಗ್ ಮಾಡುತ್ತೇನಲ್ಲ’ ಎನ್ನುವವರಿದ್ದೀರಿ. ತುಂಬ ಒಳ್ಳೆಯದು, ಬಿಡಬೇಡಿ. ಆದರೆ ಲೆಕ್ಕ ಹಾಕಿ. ನಮ್ಮ ಜಿಲ್ಲೆಯ ನೌಕರರಲ್ಲಿ ಎಷ್ಟೋ ಜನ ಮೈಸೂರಿನಲ್ಲಿ ಮನೆ ಮಾಡಿಕೊಂಡು ನಂಜನಗೂಡಿನ ಮೇಲೆ ದಿನಾ ಓಡಾಡುತ್ತಾರೆ. ಹೋಗುವಾಗ ರೈಲಲ್ಲೋ ಬಸ್ಸಲ್ಲೋ ಕೂತರು, ಕಚೇರಿಯಲ್ಲಿ ಏಳು ಗಂಟೆ ಕೂತರು, ಬರುವಾಗ ಕೂತರು, ಮನೆಯಲ್ಲಿ ಮೊಬೈಲ್ ಹಿಡಿದು ಕೂತರು. ಹತ್ತು ಗಂಟೆ ಮೀರಿತು. 2016ರಲ್ಲಿ ಲ್ಯಾನ್ಸೆಟ್‌ನಲ್ಲೇ ಬಂದ ಅಧ್ಯಯನವೊಂದರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿ ನೋಡಿದರು. ದಿನಕ್ಕೆ ಎಂಟು ಗಂಟೆಗೂ ಹೆಚ್ಚು ಕೂರುವವರ ಅಪಾಯ ಇಲ್ಲವಾಗಬೇಕಾದರೆ ದಿನವೂ 60ರಿಂದ 75 ನಿಮಿಷದ ಚುರುಕು ಚಟುವಟಿಕೆ ಬೇಕು ಎಂದು ಕಂಡುಬಂತು. ಮಕ್ಕಳನ್ನು ಶಾಲೆಗೆ ಕಳಿಸಿ, ಡಬ್ಬಿ ಕಟ್ಟಿಕೊಂಡು ಏಳೂವರೆಯ ಬಸ್ಸು ಹಿಡಿಯುವ ಹೆಣ್ಣುಮಗಳಿಗೆ ದಿನಾ ಒಂದು ಗಂಟೆ ಎಲ್ಲಿಂದ ಬರಬೇಕು? ಆದ್ದರಿಂದ ಕೂರುವ ಹೊತ್ತನ್ನು ಕಚೇರಿಯ ಒಳಗೇ ತುಂಡು ತುಂಡು ಮಾಡಬೇಕು.

ನಾನು ಸೇರಿದ ಕಾಲದಲ್ಲಿ ಕಚೇರಿಯೇ ನಮ್ಮನ್ನು ಎಬ್ಬಿಸುತ್ತಿತ್ತು. ರೈತರೊಬ್ಬರು ಹಳೆಯ ದಾಖಲೆಯ ನಕಲು ಕೇಳಿದರೆ ರೆಕಾರ್ಡ್ ರೂಮಿಗೆ ಹೋಗಬೇಕು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಬಸ್ತಾ ಮೇಲಿನ ಹಲಗೆಯಲ್ಲಿದ್ದರೆ ಸ್ಟೂಲ್ ಹತ್ತಬೇಕು. ಇಳಿಸಿ, ದೂಳು ಕೊಡವಿ, ಗಂಟು ಬಿಚ್ಚಿ, ಹೋಬಳಿ, ಗ್ರಾಮ, ಸರ್ವೆ ನಂಬರು ಹುಡುಕಿ, ನಕಲು ಬರೆದು, ಮತ್ತೆ ಗಂಟು ಕಟ್ಟಿ ಅಲ್ಲೇ ಏರಿಸಬೇಕು. ಸಹಿಗೆ ತಹಸೀಲ್ದಾರರ ಕೊಠಡಿಗೆ ಕಡತ ಹಿಡಿದು ನಡೆಯಬೇಕು. ಟಪಾಲು ಬಂದರೆ ಪ್ರತಿ ಮೇಜಿಗೂ ಹೋಗಿ ಕೊಟ್ಟು ಸಹಿ ಹಾಕಿಸಬೇಕು. ಯಾರೂ ಅದನ್ನು ವ್ಯಾಯಾಮ ಎನ್ನಲಿಲ್ಲ, ಕೆಲಸ ಎಂದರು.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಹೋದವು. ರೈತರಿಗೆ ಅದರಿಂದ ಬಹಳ ಅನುಕೂಲವಾಯಿತು, ಅಲೆದಾಟ ತಪ್ಪಿತು. ಈಗ ಇ-ಆಫೀಸ್ ಬಂದಿದೆ. ಕಡತ ಪರದೆಯ ಮೇಲೆ ತೆರೆದು, ಪರದೆಯ ಮೇಲೇ ಮುಂದಿನ ಮೇಜಿಗೆ ಹೋಗುತ್ತದೆ. ಮೇಲಧಿಕಾರಿ ವಾಟ್ಸ್‌ಆ್ಯಪ್‌ನಲ್ಲಿ ಮಾಹಿತಿ ಕೇಳುತ್ತಾರೆ, ಬೆಂಗಳೂರಿನ ಸಭೆ ವಿಡಿಯೋದಲ್ಲಿ ನಡೆಯುತ್ತದೆ. ಕಡತ ನಡೆದಾಡುವುದು ನಿಂತಿತು, ಅದನ್ನು ಹಿಡಿದು ಹೋಗುತ್ತಿದ್ದವರ ನಡಿಗೆಯೂ ನಿಂತಿತು. ನೀವು ನಮಗಿಂತ ಹೆಚ್ಚು ಹೊತ್ತು ಕೂರುತ್ತಿದ್ದೀರಿ ಎಂದರೆ ಅದಕ್ಕೆ ನಿಮ್ಮ ಸೋಮಾರಿತನ ಕಾರಣವಲ್ಲ. ಕೆಲಸದ ಒಳಗೇ ಇದ್ದ ನಡಿಗೆಯನ್ನು ಯಂತ್ರ ತೆಗೆದುಕೊಂಡಿತು. ಹಾಗಾಗಿ ಅದನ್ನು ಮತ್ತೆ ಕೆಲಸದ ಒಳಕ್ಕೇ ಸೇರಿಸಬೇಕು. ನೆನಪಿನ ಮೇಲೆ, ಮನಸ್ಸಿನ ಗಟ್ಟಿತನದ ಮೇಲೆ ಬಿಟ್ಟರೆ ಮಾರ್ಚ್ ತಿಂಗಳ ಲೆಕ್ಕದ ಒತ್ತಡದಲ್ಲಿ ಅದು ಮೊದಲು ಮರೆತುಹೋಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಕಚೇರಿಗಳಲ್ಲಿ ಒಳ್ಳೆಯ ನೌಕರರನ್ನು ಹೊಗಳುವುದೇ ‘ಸೀಟು ಬಿಟ್ಟು ಏಳಲ್ಲ ಕಣ್ರೀ’ ಎಂದು. ಜನ ಬೈಯುವುದೂ ‘ಹೋದಾಗಲೆಲ್ಲ ಸೀಟಲ್ಲಿ ಇರೋದೇ ಇಲ್ಲ’ ಎಂದು. ಆ ಬೈಗುಳ ಸುಳ್ಳಲ್ಲ. ಗಡಿಯಂಚಿನ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದ ಅಜ್ಜಿ, ವಿಧವಾ ವೇತನದ ಅರ್ಜಿ ಹಿಡಿದು ಖಾಲಿ ಕುರ್ಚಿಯ ಮುಂದೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ನನ್ನ ಮಾತನ್ನು ಟೀ ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಲ್ಲಲು ಅನುಮತಿ ಎಂದು ತಿಳಿಯಬೇಡಿ. ಸೀಟು ಬಿಟ್ಟು ಏಳಿ, ಕಾದು ನಿಂತವರನ್ನು ಬಿಟ್ಟು ಹೋಗಬೇಡಿ. ಎರಡೂ ಒಟ್ಟಿಗೆ ಸಾಧ್ಯ. ಹೇಗೆಂದು ಹೇಳುತ್ತೇನೆ.

ಮೊದಲು ಪ್ರಿಂಟರನ್ನು ಕೈಗೆಟುಕುವ ಜಾಗದಿಂದ ತೆಗೆದು ಕೋಣೆಯ ಆ ಬದಿಗೆ ಇಡಿ. ಪ್ರತಿ ಪ್ರತಿಗೂ ಎದ್ದು ಹೋಗಿ ತರಬೇಕು. ಪಕ್ಕದ ವಿಭಾಗಕ್ಕೆ ಒಂದು ಮಾತು ಕೇಳಬೇಕಾದರೆ ಫೋನ್ ಮಾಡಬೇಡಿ, ಹೋಗಿ ಕೇಳಿ. ಎಷ್ಟೋ ಸಲ ಮೂರು ದಿನ ಪತ್ರದಲ್ಲಿ ಮುಗಿಯದ್ದು ಎರಡು ನಿಮಿಷದಲ್ಲಿ ಮುಗಿಯುತ್ತದೆ, ಅರ್ಜಿದಾರರ ಕೆಲಸವೂ ಬೇಗ ಆಗುತ್ತದೆ. ಫೋನ್ ಬಂದರೆ ನಿಂತುಕೊಂಡು ಮಾತಾಡಿ. ಮೂರು ಡ್ರಾಯರಿನ ಕಬ್ಬಿಣದ ಬೀರು ಎಷ್ಟೋ ಕಚೇರಿಗಳಲ್ಲಿ ಇರುತ್ತದೆ. ಅದರ ತಲೆ ಸರಿಯಾಗಿ ನಿಂತು ಬರೆಯುವ ಎತ್ತರಕ್ಕಿರುತ್ತದೆ. ಬಂದ ಟಪಾಲನ್ನು ವಿಂಗಡಿಸುವುದು, ರಿಜಿಸ್ಟರಿನಲ್ಲಿ ನಮೂದಿಸುವುದು ಇಂಥ ಕೆಲಸಗಳನ್ನು ಅಲ್ಲಿ ನಿಂತೇ ಮಾಡಿ. ವಯಸ್ಸಾದವರು ಕೌಂಟರಿಗೆ ಬಂದರೆ ಅವರನ್ನು ಕೂರಿಸಿ, ನೀವು ಎದ್ದು ಅವರ ಪಕ್ಕಕ್ಕೆ ಹೋಗಿ ಅರ್ಜಿ ನೋಡಿ. ಅವರ ಮೊಣಕಾಲಿಗೂ ಒಳ್ಳೆಯದು, ನಿಮ್ಮದಕ್ಕೂ ಒಳ್ಳೆಯದು. ಕ್ಯೂ ಇರುವ ಕೌಂಟರಾದರೆ ಇಬ್ಬರು ಸರದಿಯಲ್ಲಿ ಏಳಿ, ಒಬ್ಬರು ಎದ್ದಾಗ ಇನ್ನೊಬ್ಬರು ನೋಡಿಕೊಳ್ಳಲಿ.

ಊಟವನ್ನು ಮೇಜಿನ ಮೇಲೇ ಡಬ್ಬಿ ಬಿಚ್ಚಿ ಮುಗಿಸಬೇಡಿ. ಬೇರೆ ಕಡೆ ಹೋಗಿ ಉಂಡು, ಆಮೇಲೆ ಹತ್ತು ನಿಮಿಷ ಕಾಂಪೌಂಡಿನ ಮರದಡಿ ನಡೆಯಿರಿ. ಸಕ್ಕರೆ ಏರುವ ಹೊತ್ತು ಅದೇ, ನಡಿಗೆಗೆ ಹೆಚ್ಚು ಫಲವೂ ಆಗಲೇ. ಮಧ್ಯಾಹ್ನ ಮೂರರ ತೂಕಡಿಕೆಯೂ ಕಡಿಮೆಯಾಗುತ್ತದೆ. ಮೈಸೂರಿನಿಂದ ಓಡಾಡುವವರು ನಿಲ್ದಾಣದಿಂದ ಕಚೇರಿಗೆ ಆಟೋ ಹಿಡಿಯದೆ ನಡೆದು ಬನ್ನಿ.

ಕೇಂದ್ರದ ಆಯುಷ್ ಸಚಿವಾಲಯ ಕಚೇರಿಗಳಿಗೆಂದೇ ‘ವೈ-ಬ್ರೇಕ್’ ಎಂಬ ಐದು ನಿಮಿಷದ ಯೋಗಕ್ರಮ ರೂಪಿಸಿ, 2021ರಲ್ಲಿ ಅದರ ಆ್ಯಪನ್ನೂ ಬಿಡುಗಡೆ ಮಾಡಿದೆ. ತಾಡಾಸನ, ಕಟಿಚಕ್ರಾಸನದಂಥವನ್ನು ಮೇಜಿನ ಪಕ್ಕದಲ್ಲೇ ಮಾಡಬಹುದು. ನಾಚಿಕೆ ಪಡಬೇಡಿ. ಗಡಿಯಾಚೆ ಕೂಗಳತೆಯಲ್ಲಿರುವ ಗಾಜನೂರಿನ ನಂಟಿನ ನಮ್ಮ ಅಣ್ಣಾವ್ರು, ಐವತ್ತು ದಾಟಿದ ಮೇಲೆ 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಯೋಗಾಸನ ಹಾಕಿ ತೋರಿಸಿದರು. ಇಪ್ಪತ್ತೈದರ ನಿಮಗೆ ಸೊಂಟ ತಿರುಗಿಸಲು ಏನು ಸಂಕೋಚ?

ಹೆಣ್ಣುಮಕ್ಕಳಿಗೆ ಬೇರೆಯಾಗಿ ಒಂದು ಮಾತು ಹೇಳಬೇಕು. ಎಷ್ಟೋ ಕಚೇರಿಗಳಲ್ಲಿ ನೀವು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ: ಶೌಚಾಲಯ ಹೋಗುವಂತಿರುವುದಿಲ್ಲ, ಇದ್ದರೂ ಬೀಗ ಹಾಕಿರುತ್ತದೆ. ನೀರು ಕುಡಿಯದಿದ್ದರೆ ಏಳಬೇಕಾಗಿಲ್ಲ ಎಂದು ಒಂದೇ ಪಟ್ಟಿಗೆ ಕೂರುತ್ತೀರಿ. ಮೂತ್ರದ ಸೋಂಕು, ಕಿಡ್ನಿ ಕಲ್ಲು, ಬೆನ್ನುನೋವು ಎಲ್ಲಕ್ಕೂ ಅದು ದಾರಿ. ಇದು ನೀವು ಸಹಿಸಿಕೊಳ್ಳಬೇಕಾದ ವಿಷಯವಲ್ಲ ಕಣ್ರವ್ವ. ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೇಳಿ. ನೀರು, ಬೀಗದ ಕೈ, ಒಳಗಿಂದ ಹಾಕಲು ಚಿಲಕ, ಇವು ನಿಮ್ಮ ಹಕ್ಕು. ಗಂಡುಮಕ್ಕಳು ಆ ಅರ್ಜಿಗೆ ಮೊದಲು ಸಹಿ ಹಾಕಿ.

ಇನ್ನು ಎಲ್ಲರ ಕಷ್ಟವೂ ಕೂರುವುದಲ್ಲ. ಚಾಮರಾಜನಗರದ ದೊಡ್ಡಂಗಡಿ ಬೀದಿಯಲ್ಲಿ, ಗುಂಡ್ಲುಪೇಟೆಯ ಬಟ್ಟೆ ಅಂಗಡಿಯಲ್ಲಿ ದುಡಿಯುವ ಹುಡುಗಿಯರಿಗೆ ದಿನವಿಡೀ ನಿಲ್ಲುವುದೇ ಶಿಕ್ಷೆ. ಅಲುಗದೆ ನಿಂತರೂ ಕಾಲಿನ ನರ ಉಬ್ಬುತ್ತದೆ, ಪಾದ ಊದುತ್ತದೆ. ನಮ್ಮ ಜಿಲ್ಲೆಯ ಎರಡು ನೆರೆ ರಾಜ್ಯಗಳೂ ಇದನ್ನು ಕಂಡುಕೊಂಡವು: ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕು ಕೊಟ್ಟು ತಮ್ಮ ಕಾಯ್ದೆ ತಿದ್ದಿದವು. 1948ರ ಕಾರ್ಖಾನೆಗಳ ಕಾಯ್ದೆಯೂ ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಬೇಕು ಎಂದು ಹೇಳಿತ್ತು. ನಿಂತವರಿಗೆ ಸ್ಟೂಲು, ಕೂತವರಿಗೆ ನಡಿಗೆ: ಮೈ ಕೇಳುವುದು ಬದಲಾವಣೆಯನ್ನು. ನಿಮ್ಮಲ್ಲಿ ಯಾರಾದರೂ ಅಂಗಡಿಯ ಮೇಲ್ವಿಚಾರಕರಾದರೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಹುಡುಗಿಯರನ್ನು ಕೂರಿಸಿ. ಗುಂಡ್ಲುಪೇಟೆಯಲ್ಲಿ ರಾತ್ರಿ ನಿಲ್ಲುವ ಲಾರಿ ಚಾಲಕರಿಗೂ ಇದೇ ಮಾತು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತದೆ. ದಿನವಿಡೀ ಕ್ಯಾಬಿನ್ನಿನಲ್ಲಿ ಕೂತವರು ಅಲ್ಲೇ ಮಲಗುವ ಮೊದಲು ಪೇಟೆಯ ಒಂದು ಸುತ್ತು ನಡೆದು ಬನ್ನಿ.

ಕೊನೆಯದಾಗಿ, ಇದು ಒಬ್ಬರ ಛಲದಿಂದ ಆಗುವ ಕೆಲಸವಲ್ಲ. ಇಂಗ್ಲೆಂಡಿನಲ್ಲಿ ನಮ್ಮ ನಗರಸಭೆಗಳಂಥ ಸ್ಥಳೀಯ ಆಡಳಿತ ಕಚೇರಿಗಳ ನೂರಾರು ನೌಕರರ ಮೇಲೆ ನಡೆದ ಪ್ರಯೋಗವೊಂದು 2022ರಲ್ಲಿ ಪ್ರಕಟವಾಯಿತು. ತಿಳಿವಳಿಕೆ, ಪ್ರೋತ್ಸಾಹ ಕೊಟ್ಟ ಗುಂಪಿನವರು ಒಂದು ವರ್ಷದ ನಂತರ ದಿನಕ್ಕೆ ಸುಮಾರು 20 ನಿಮಿಷ ಕಡಿಮೆ ಕೂರುತ್ತಿದ್ದರು. ಅದರ ಜೊತೆಗೆ ಎತ್ತರ ಬದಲಿಸಬಹುದಾದ ಮೇಜನ್ನೂ ಕೊಟ್ಟ ಗುಂಪಿನವರು ಒಂದು ಗಂಟೆಗೂ ಹೆಚ್ಚು ಕಡಿಮೆ ಕೂರುತ್ತಿದ್ದರು. ಬುದ್ಧಿಮಾತಿಗಿಂತ ಮೇಜು ಹೆಚ್ಚು ಕೆಲಸ ಮಾಡಿತು. ಅಂಥ ಮೇಜು ನಮ್ಮ ಕಚೇರಿಗಳಿಗೆ ನಾಳೆಯೇ ಬರುವುದಿಲ್ಲ. ಆದರೆ ಅರ್ಧ ಗಂಟೆ ಮೀರುವ ಸಭೆಯಲ್ಲಿ ಎಲ್ಲರೂ ಒಮ್ಮೆ ಎದ್ದು ನಿಲ್ಲಿ ಎನ್ನಲು ಒಂದು ಪೈಸೆಯ ಅನುದಾನವೂ ಬೇಡ, ಮೇಲಿನವರ ಮನಸ್ಸು ಸಾಕು.

ಆ ಮೇಲಿನವರು ಮುಂದೆ ನೀವೇ ಆಗುತ್ತೀರಿ. ಇವತ್ತಿನ ದ್ವಿತೀಯ ದರ್ಜೆ ಸಹಾಯಕರು ನಾಳೆ ಮೇಲ್ವಿಚಾರಕರು, ಆಮೇಲೆ ಶಿರಸ್ತೇದಾರರು. ಆ ದಿನ ನಿಮ್ಮ ಕೈಕೆಳಗಿನ ಹುಡುಗ ಎದ್ದು ನಿಂತರೆ ‘ಎಲ್ಲಿಗೆ ಹೊರಟೆ?’ ಎಂದು ಗದರಬೇಡಿ. ಎಷ್ಟು ಹೊತ್ತು ಕೂತ ಎಂದು ಅಳೆಯಬೇಡಿ, ಎಷ್ಟು ಅರ್ಜಿ ವಿಲೇವಾರಿ ಮಾಡಿದ ಎಂದು ನೋಡಿ. ನೀವೇ ಮೊದಲು ಎದ್ದು ಅವರ ಮೇಜಿಗೆ ಹೋಗಿ ಕಡತದ ಬಗ್ಗೆ ಕೇಳಿ. ಸಾಹೇಬರೇ ಎದ್ದು ಓಡಾಡುವ ಕಚೇರಿಯಲ್ಲಿ ಏಳಲು ಯಾರೂ ಹೆದರುವುದಿಲ್ಲ.

ಸರ್ಕಾರ ನಿಮಗೆ 60 ವರ್ಷದವರೆಗೆ ಕುರ್ಚಿ ಕೊಟ್ಟಿದೆ. ಅದರ ಆಚೆಗೂ ವರ್ಷಗಳಿವೆ, ಅವು ಪೂರ್ತಿ ನಿಮ್ಮವು. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದೇ ಹತ್ತುತ್ತೇನೆ ಎಂದು ಹರಕೆ ಹೊತ್ತು, ನಿವೃತ್ತಿಯಾದಾಗ ಮೊಣಕಾಲು ಬಾರದೆ ಜೀಪಿನಲ್ಲಿ ಹೋಗಿ ಬಂದವರು ನನ್ನ ಓರಗೆಯಲ್ಲಿ ಇದ್ದಾರೆ. ನಿಮಗೆ ಹಾಗಾಗುವುದು ಬೇಡ. ನಿಮ್ಮ ತಂದೆತಾಯಿ ನಿಮಗೆ ಕುರ್ಚಿಯ ಜೊತೆ ದುಡಿಯಬಲ್ಲ ಗಟ್ಟಿ ಕಾಲುಗಳನ್ನೂ ಕೊಟ್ಟಿದ್ದಾರೆ, ಎರಡನ್ನೂ ಜೋಪಾನ ಮಾಡಿ. ನಾಳೆ ಕಚೇರಿಗೆ ಹೋದ ಕೂಡಲೇ ಆ ಪ್ರಿಂಟರಿನ ಜಾಗ ಬದಲಿಸುವುದರಿಂದಲೇ ಶುರು ಮಾಡಿ.